ದ್ವೀಪದ ಮೊದಲ ಅತಿಥಿಗಳು

ಶಿಡ್ಲಘಟ್ಟದ ಕಡೆ ಇರುವ ನಮ್ಮಕ್ಕನ ಊರಿನ ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿದಾಗ ಊರವರೆಲ್ಲ ಬಾಗಿನ ಕೊಟ್ಟು ಕೈಮುಗಿದರು. ಭಾವ ಮಾತ್ರ ಏರಿಯ ಮೇಲೆ ನಿಂತು ನೀರಿನ ನಡುವೆ ಉಳಿದಿದ್ದ ದಿಬ್ಬವನ್ನೇ ನೋಡುತ್ತಿದ್ದರು. ಅಲ್ಲಿದ್ದದ್ದು ಒಂದು ಹೊಂಗೆ ಮರ, ನಾಲ್ಕು ಬಂಡೆ.

"ದ್ವೀಪ ಕಣಪ್ಪಾ! ಬೆಂಗಳೂರಿನೋರು ಏಕಾಂತ ಬೇಕು ಅಂತ ಸಮುದ್ರ ದಾಟಿ ಹೋಗ್ತಾರೆ. ಇಲ್ಲೇ ಟೆಂಟ್ ಹಾಕಿಕೊಡಣ," ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಒಣಗಿದ ಕೆರೆಗಳಲ್ಲಿ ಕ್ರಿಕೆಟ್ ಆಡಿ ಬೆಳೆದವರು ನಾವು, ಈಜು ಒಬ್ಬರಿಗೂ ಬಾರದು. ಭಾವ ಹಿಡಿದ ಹಟ ಬಿಡುವವರಲ್ಲ. ಭಾನುವಾರಕ್ಕೆ ಬೆಂಗಳೂರಿನ ಒಂದು ಕುಟುಂಬವನ್ನು ಒಪ್ಪಿಸಿಯೂ ಬಿಟ್ಟರು. ಅದಕ್ಕೆ ಮುಂಚೆ ಪರೀಕ್ಷೆಗೆಂದು ಅಕ್ಕನನ್ನೂ ನನ್ನನ್ನೂ ಕರೆದೊಯ್ದರು.

ಮೀನು ಹಿಡಿಯುವವನೊಬ್ಬ ತೆಪ್ಪದಲ್ಲಿ ನಮ್ಮನ್ನು ಬಿಟ್ಟು, ಸಂಜೆಗೆ ಮುಂಚೆ ಬರುತ್ತೇನೆಂದು ಹೋದ. ದಿಬ್ಬದ ಮೇಲೆ ಒಂದು ಹಕ್ಕಿಯೂ ಕೂಗಲಿಲ್ಲ. ನೀರು ಕದಲದೆ, ಬಣ್ಣವಿಲ್ಲದೆ ಸುತ್ತಲೂ ಬಿದ್ದಿತ್ತು. ಅಲ್ಲಿ ಕಾಲಿಟ್ಟ ಗಳಿಗೆಯಿಂದಲೇ ನನಗೆ ದಿಗಿಲು. ಹೇಳಿಕೊಂಡರೆ ಭಾವ ಜೀವನಪೂರ್ತಿ ಹಂಗಿಸುತ್ತಾರೆಂದು ಟೆಂಟಿನ ಗಂಟು ಬಿಚ್ಚಲು ಕೂತೆ.

ಸಂಜೆ ಗಾಳಿ ಎದ್ದಿತು. ತೆಪ್ಪ ಬರಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮನೆಯಲ್ಲಿ ರೇಷ್ಮೆ ಹುಳ ಕೊನೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ದಿನಗಳಲ್ಲಿ ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಕೈಬಿಡುತ್ತದೆ.

ಭಾವ ಪಂಚೆ ಎತ್ತಿ ಕಟ್ಟಿದರು. "ಇದೇ ಟ್ರಾಕ್ಟರ್ ಜಾಡು. ಬೇಸಿಗೆ ಬೇಸಿಗೆಗೂ ಇಲ್ಲಿಂದ್ಲೇ ತೋಟಕ್ಕೆ ಗೋಡುಮಣ್ಣು ಹೊಡೆದಿದೀನಿ. ಕಣ್ಣು ಮುಚ್ಕೊಂಡು ಹೋಗ್ತೀನಿ. ಮೊಣಕಾಲುದ್ದ ನೀರು, ಅಷ್ಟೆ."

"ಬ್ಯಾಡ ಕಣ್ರೀ. ಹುಳ ಹಾಳಾಗಿ ಹೋಗ್ಲಿ," ಅಂದಳು ಅಕ್ಕ. ಅವರು ಕೇಳಲಿಲ್ಲ. ಕೊನೆಗೆ ಅವಳು ಟೆಂಟಿಗೆಂದು ತಂದಿದ್ದ ನೈಲಾನ್ ಹಗ್ಗವನ್ನು ಅವರ ಸೊಂಟಕ್ಕೆ ಬಿಗಿದಳು. "ನಾನೇನು ಎಮ್ಮೇನಾ?" ಎಂದು ನಗುತ್ತ ಭಾವ ನೀರಿಗಿಳಿದರು.

ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ತಿರುಗಿ ನಮ್ಮತ್ತ ಕೈಯಾಡಿಸಿದರು. ಮುಂದಿನ ಹೆಜ್ಜೆಗೆ ತಲೆಯೂ ಕಾಣಲಿಲ್ಲ, ಕೈಯೂ ಕಾಣಲಿಲ್ಲ.

ಅಕ್ಕ ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಗ್ಗ ಅಂಗೈ ಸುಲಿಯಿತು. ಇಬ್ಬರೂ ಹಿಂದಕ್ಕೆ ಬಿದ್ದು ಬಿದ್ದು ಎಳೆದೆವು. ದಿಬ್ಬಕ್ಕೆ ಬಂದ ಭಾವನ ಬಾಯಿಂದ ಕೆಸರು ನೀರು ಸುರಿಯಿತು. ಅವರಿಗೆ ಉಸಿರು ಬಂದಾಗ ಅಕ್ಕ ಎರಡು ಏಟು ಕೊಟ್ಟಳು, ಆಮೇಲೆ ಅತ್ತಳು.

ಗಾಳಿ ಇಳಿದ ಮೇಲೆ ತೆಪ್ಪ ಬಂತು. ಏರಿ ಹತ್ತುವಷ್ಟರಲ್ಲಿ ಅಕ್ಕನ ಫೋನ್ ಹೊಡೆದುಕೊಂಡಿತು. ಭಾನುವಾರದ ಅತಿಥಿಗಳು. ಭಾವನ ಫೋನ್ ಸಿಗದೆ ಇದಕ್ಕೆ ಮಾಡಿದ್ದರು. ಅಕ್ಕ ಸ್ಪೀಕರ್ ಹಾಕಿ ಭಾವನ ಮುಂದೆ ಹಿಡಿದಳು.

"ದ್ವೀಪದ ಸುತ್ತ ನೀರು ಆಳ ಇಲ್ಲ ತಾನೆ ಸಾರ್? ಮಕ್ಕಳು ಆಡಬಹುದಾ?"

ಭಾವ ಏರಿಯ ಕೆಳಗಿದ್ದ ತಮ್ಮ ಹಿಪ್ಪುನೇರಳೆ ತೋಟ ನೋಡಿದರು. ಕೆರೆಯ ಮಣ್ಣು ತಿಂದು ಕೊಬ್ಬಿದ ಗಿಡಗಳು ಆ ಮಬ್ಬಿನಲ್ಲೂ ಕಪ್ಪಗೆ ಕಾಣುತ್ತಿದ್ದವು.

"ಗುಂಡಿಗಳವೆ ಸಾರ್. ನಾನೇ ತೋಡಿದ್ದು, ನನಗೇ ಗೊತ್ತಾಗ್ಲಿಲ್ಲ. ಮಕ್ಕಳನ್ನ ಕರ್ಕೊಂಡು ಬರಬ್ಯಾಡಿ."