ಒಂದೇ ಹೆಜ್ಜೆಯ ಕಾಲಾಳು

ಸೋಮವಾರ ಬೆಳಗ್ಗೆ ಐದೂವರೆ. ರಾಜಾಜಿನಗರದ ಶಾಲೆಯೊಂದರಲ್ಲಿ ಶಿವಕ್ಕ ಕಸ ಗುಡಿಸುತ್ತಿದ್ದಾರೆ. ಹೆಗ್ಗನಹಳ್ಳಿಯಿಂದ ನಡೆದೇ ಬಂದಿದ್ದಾರೆ. ಗಂಡ ತೀರಿಕೊಂಡ ವರ್ಷ, ಅರವತ್ತೆರಡನೇ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದವರು. ಹದಿನಾಲ್ಕು ವರ್ಷದಿಂದ ದಿನಾ ಹನ್ನೊಂದು ಕೋಣೆ, ಹನ್ನೊಂದು ಕಪ್ಪುಹಲಗೆ. ಎಲ್ಲರಿಗೂ ಅವರು ‘ಆಯಾ’. ಹೆಸರು ಕೇಳಿದವರೇ ಇಲ್ಲ.

ಚದುರಂಗ ಬರುತ್ತದೆಂದೂ ಯಾರಿಗೂ ಗೊತ್ತಿರಲಿಲ್ಲ. “ನಮ್ಮಪ್ಪ ಮಾರಮ್ಮನ ಗುಡಿ ಜಗಲೀಲಿ ಆಡೋರು ಸಾರ್. ಜೊತೆಗಾರ ಬರ್ದೇ ಇದ್ರೆ ನನ್ನೇ ಕೂರಿಸ್ಕೊಳ್ಳೋರು,” ಎನ್ನುತ್ತಾರೆ.

ನಿನ್ನೆ ಇಲ್ಲೇ ಪಂದ್ಯಾವಳಿ ಇತ್ತು; ಪತ್ರಿಕೆಗೆ ವರದಿ ಬರೆಯಲು ನಾನೂ ಬಂದಿದ್ದೆ. ಒಬ್ಬ ಆಟಗಾರ ಕೈಕೊಟ್ಟ. ಬೆಂಚು ಜೋಡಿಸುತ್ತಿದ್ದ ಶಿವಕ್ಕ, “ನಾನು ಕೂರ್ಲಾ?” ಎಂದರು. ಸಂಘಟಕ ಜಗನ್ನಾಥ ನಗುತ್ತಲೇ ಒಪ್ಪಿ, ಹಲಗೆಯ ಪಟ್ಟಿಯಲ್ಲಿ ‘ಬದಲಿ’ ಎಂದು ಬರೆದರು.

“ನಂಗೂ ಹೆಸರೈತೆ ಸಾರ್.”

“ಒಂದಾಟ ಗೆಲ್ಲಿ, ಬರೀತೀನಿ.”

ಮೂರು ಸುತ್ತು ಸೋತರು. ಉಳಿದದ್ದು ಒಂದೇ, ಎದುರಿಗೆ ಬ್ಯಾಂಕಿನ ವೆಂಕಟಗಿರಿ.

ಶಿವಕ್ಕನ ಕಾಲಾಳುಗಳು ಒಂದೊಂದೇ ಮನೆ ನಡೆದವು. ಪಂದ್ಯದಲ್ಲಿ ಮೊದಲ ಸಲ ಎರಡು ಮನೆ ಹೋಗಬಹುದು; ಜಗಲಿಯಲ್ಲಿ ಒಂದೇ. “ಹೊಸಿಲು ದಾಟ್ತಿದ್ದಂಗೆ ಯಾರಾದ್ರೂ ಓಡ್ತಾರಾ?” ಎಂಬುದು ಅವರ ವಾದ. ಪುಸ್ತಕ ಓದಿ ಬಂದಿದ್ದ ವೆಂಕಟಗಿರಿ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಎಡವಟ್ಟಾಯಿತು. ಶಿವಕ್ಕ ರಾಜನನ್ನು ಕುದುರೆಯಂತೆ ಹಾರಿಸಿಬಿಟ್ಟರು! ಜಗಲಿಯಲ್ಲಿ ರಾಜನಿಗೆ ಅದು ಒಮ್ಮೆ ಸಲ್ಲುತ್ತದೆ, ಇಲ್ಲಿ ಇಲ್ಲ.

“ಮುಟ್ಟಿದ ಕಾಯಿ ನಡೆಸಲೇಬೇಕಮ್ಮ,” ಎಂದರು ವೆಂಕಟಗಿರಿ. ರಾಜ ಒಂದು ಮನೆ ಮುಂದೆ ಬಂದು ಬಯಲಲ್ಲಿ ನಿಂತ. ಸುತ್ತ ನಿಂತವರೆಲ್ಲ ಕಿಸಕ್ಕನೆ ನಕ್ಕರು.

ಗೆದ್ದೇಬಿಟ್ಟೆನೆಂದು ವೆಂಕಟಗಿರಿ ಮಂತ್ರಿಯನ್ನು ಒಳಗೆ ನುಗ್ಗಿಸಿದರು. ಆಸೆ ಬಿಡಲಿಲ್ಲ, ಅಂಚಿನ ಕಾಲಾಳನ್ನೂ ನುಂಗಿದರು. ವಾಪಸು ಬರಲು ನೋಡಿದರೆ ದಾರಿಯೇ ಇಲ್ಲ. ಒಂದೊಂದೇ ಹೆಜ್ಜೆಯ ಆ ಕಾಲಾಳುಗಳು ಬೇಲಿ ಹಾಕಿ ಕೂತಿದ್ದವು. ಮಂತ್ರಿ ಹೋದ ಮೇಲೆ ಆಟ ಹತ್ತು ನಡೆಯೂ ಬಾಳಲಿಲ್ಲ.

“ಸೋತೆ ತಾಯಿ. ಏನ್ ಆಟ ಆಡಿದ್ರಿ!” ವೆಂಕಟಗಿರಿ ಎದ್ದು ಕೈಮುಗಿದರು. ನನಗಂತೂ ಶಿಳ್ಳೆ ಹೊಡೆಯುವಷ್ಟು ಖುಷಿ. ಜಗನ್ನಾಥ ‘ಬದಲಿ’ ಅಳಿಸಿ, ದಪ್ಪಕ್ಷರದಲ್ಲಿ ‘ಶಿವಕ್ಕ’ ಎಂದು ಬರೆದರು.

ಈಗ ಶಿವಕ್ಕ ಅದೇ ಹಲಗೆ ಒರೆಸುತ್ತಿದ್ದಾರೆ. ಪಟ್ಟಿಯೆಲ್ಲ ಹೋಯಿತು. ಒಂದು ಹೆಸರು ಮಾತ್ರ ಉಳಿದಿದೆ.

“ಟೀಚರ್ ಬೈಯಲ್ವಾ?” ಎಂದೆ.

“ವತ್ಸಲಾ ಟೀಚರ್‌ಗೆ ಹೇಳ್ತೀನಿ, ಇವತ್ತೊಂದಿನ ಪಕ್ಕದಲ್ಲಿ ಬರ್ಕೊಳ್ಳಿ ಅಂತ,” ಎಂದು ಬಟ್ಟೆ ಕೊಡವಿದರು. “ಮಕ್ಳು ಒಂದ್ಸಲ ಓದ್ಲಿ ಸಾರ್. ಆಮೇಲೆ ನಾನೇ ಒರೆಸ್ತೀನಿ.”