ತಂಬಿಗೆಯ ಮೇಲಿನ ಗ್ಲಾಸು

ಆಳಂದದ ಕಡೆಯ ಹಳ್ಳಿಯಿಂದ ನನ್ನನ್ನು ಗಡಿಯಾಚೆಯ ಉಮರ್ಗಾಕ್ಕೆ ಮದುವೆ ಮಾಡಿ ಕಳಿಸಿದ ದಿನ ಅಪ್ಪ ಬಸ್ಸಿನ ಕಿಟಕಿಯ ಹತ್ತಿರ ನಿಂತು, "ಪರದೇಶಕ್ಕ ಕೊಟ್ಟಂಗಾತು ನೋಡವಾ" ಎಂದಿದ್ದರು. ನಾನು ನಕ್ಕುಬಿಟ್ಟಿದ್ದೆ. ಒಂದೆರಡು ತಾಸಿನ ದಾರಿಗೆ ಪರದೇಶವೇನು ಬಂತು? ಗಂಡನ ಮನೆಯಲ್ಲೂ ಮಾತು ಕನ್ನಡವೇ, ಕೊರಳಲ್ಲಿ ಲಿಂಗ, ಬೈಗುಳ ಕೂಡ ನಮ್ಮ ಕಡೆಯವೇ. ಆದರೆ ಬಂದ ಹದಿನೈದು ದಿನಕ್ಕೆ ಅಪ್ಪನ ಮೊದಲ ಕಾರ್ಡು ಬಂತು. ಗಂಡ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟು, "ಏನಂತ ಬರದಾರ?" ಎಂದು ಕೇಳಿದರು. ದಿನವಿಡೀ ಕನ್ನಡ ಮಾತಾಡುವ ಆ ಮನೆಯಲ್ಲಿ ಕನ್ನಡ ಓದಲು ಒಬ್ಬರಿಗೂ ಬರುತ್ತಿರಲಿಲ್ಲ. ಗಂಡ ಕಲಿತದ್ದು ಮರಾಠಿ ಶಾಲೆಯಲ್ಲಿ, ಮಾವ ಕಲಿತದ್ದು ನಿಜಾಮನ ಕಾಲದ ಉರ್ದು. ಅತ್ತೆ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಉದಗೀರದಲ್ಲಿದ್ದ ನಾದಿನಿಯ ಮಕ್ಕಳಂತೂ ಕನ್ನಡದಲ್ಲಿ ಜಗಳಾಡಿ ಮರಾಠಿಯಲ್ಲಿ ಹೆಸರು ಬರೆಯುತ್ತಿದ್ದವು.

ಅಪ್ಪ ಕನ್ನಡ ಶಾಲೆಯ ಮಾಸ್ತರು. ಹದಿನೈದು ದಿನಕ್ಕೊಂದು ಕಾರ್ಡು ತಪ್ಪಿಸಿದವರಲ್ಲ. ಮಗಳು ಹುಟ್ಟಿದ ಮೇಲೆ ಕಾರ್ಡಿನ ಕೆಳಗೆ ಅವಳಿಗಾಗಿ ಎರಡು ಸಾಲು ದಪ್ಪ ಅಕ್ಷರದಲ್ಲಿ ಬರೆಯತೊಡಗಿದರು. ಅದನ್ನು ನಾನೇ ಓದಿ ಹೇಳುತ್ತಿದ್ದೆ. ಮುಂದೆ ಕಲಿಸಿದರಾಯಿತು, ಅವಸರವೇನಿದೆ ಎಂದುಕೊಂಡಿದ್ದೆ.

ಆಮೇಲೆ ಭೂಕಂಪವಾಯಿತು. ಲೋಹಾರದ ಕಡೆ ಊರೂರೇ ನೆಲಸಮವಾದವು. ನಮ್ಮ ಮನೆ ಬೀಳಲಿಲ್ಲ. ನಡುಮನೆಯ ಗೋಡೆ ಕೈ ತೂರುವಷ್ಟು ಬಿರುಕು ಬಿಟ್ಟು ನಿಂತಿತು. ನಾವು ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ತಿಂಗಳುಗಟ್ಟಲೆ ಮಲಗಿದೆವು. ಆಗ ನನ್ನ ತಲೆಯಲ್ಲಿ ಹೊಕ್ಕ ಹುಳ ಒಂದೇ. ಮಾಳಿಗೆಯ ಮಣ್ಣು ನನ್ನ ಮೇಲೆ ಬಿದ್ದಿದ್ದರೆ ಅಪ್ಪನ ಮುಂದಿನ ಕಾರ್ಡನ್ನು ಈ ಮನೆಯಲ್ಲಿ ಯಾರು ಓದುತ್ತಿದ್ದರು? ಐದು ವರ್ಷದ ನನ್ನ ಮಗಳು ಅದನ್ನು ಕೈಯಲ್ಲಿ ಹಿಡಿದು ಅವರ ಮುಖ ಇವರ ಮುಖ ನೋಡುತ್ತ ನಿಲ್ಲುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಆ ಚಿಂತೆಯಲ್ಲೇ ಸ್ಲೇಟು ತರಿಸಿದೆ.

ಅಕ್ಷರಗಳನ್ನು ಅವಳು ಬೇಗ ಕಲಿತಳು. ಬಿಡಿಬಿಡಿಯಾಗಿ ತೋರಿಸಿದರೆ ಹೇಳುತ್ತಿದ್ದಳು. ಆದರೆ ಮರಾಠಿ ಶಾಲೆಯ ಒಂದನೇ ಇಯತ್ತೆಗೆ ಸೇರಿ, ಮನೆಯೊಳಗೆ ನಾವೆಲ್ಲ ವಾಪಸು ಬಂದ ಮೇಲೂ ಓದು ಮಾತ್ರ ಕೂಡಿ ಬರಲಿಲ್ಲ. ಪಡಸಾಲೆಯಲ್ಲಿ ಎದುರಾಬದುರು ಕೂತು ಅಜ್ಜನ ಕಾರ್ಡು ಕೊಟ್ಟರೆ ಒಂದು ಶಬ್ದಕ್ಕೆ ಬೆರಳಿಡುತ್ತಿದ್ದಳು, ಮರುಗಳಿಗೆಯಲ್ಲಿ ಅವಳ ಕಣ್ಣು ನನ್ನ ಭುಜದ ಮೇಲಿಂದ ಎತ್ತಲೋ ಹೋಗಿರುತ್ತಿತ್ತು. ನಾನು ಓದಿದ್ದನ್ನು ಗಿಳಿಯಂತೆ ಒಪ್ಪಿಸುತ್ತಿದ್ದಳು. ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದರಲ್ಲಿ. ನನಗೆ ಮೊದಲೇ ಸಿಟ್ಟು ಮೂಗಿನ ಮೇಲೆ. "ಎಲ್ಲಿ ನೋಡ್ಲತ್ತಿ? ಅಕ್ಷರ ಗ್ವಾಡಿ ಮ್ಯಾಲ ಅವ ಏನು?" ಎಂದು ಗಲ್ಲ ಹಿಡಿದು ತಿರುಗಿಸುತ್ತಿದ್ದೆ. ಒಂದೆರಡು ಸಲ ತೊಡೆ ಚಿವುಟಿದ್ದೂ ಉಂಟು. ಅವಳು ಅಳುತ್ತಿರಲಿಲ್ಲ, ಚಿವುಟಿದ ಜಾಗ ಒರೆಸಿಕೊಳ್ಳುತ್ತ ಮತ್ತೆ ಮೇಲೆ ನೋಡುತ್ತಿದ್ದಳು. ಅದಕ್ಕೇ ನನ್ನ ಪಿತ್ತ ಇನ್ನೂ ನೆತ್ತಿಗೇರುತ್ತಿತ್ತು.

ದಸರೆಗೆ ಮೊದಲು ಶಾಲೆಯಿಂದ ಕರೆ ಬಂತು. ಶಾಲೆ ನಮ್ಮ ಓಣಿಯ ತುದಿಯಲ್ಲೇ ಇತ್ತು. ಶಿಕ್ಷಕಿ ಒಳ್ಳೆಯ ಹೆಂಗಸು, ಮೆತ್ತಗೆ ಹೇಳಿದರು. "ಹಿಲಾ ಅಕ್ಷರಂ ಯೇತಾತ, ಪಣ ವಾಚತಾ ಯೇತ ನಾಹೀ." ಅಕ್ಷರ ಬರುತ್ತವೆ, ಓದಲು ಬರುವುದಿಲ್ಲ. ದಿನವೆಲ್ಲ ಕಿಟಕಿಯ ಆಚೆ ನಿಮ್ಮ ಮನೆಯ ಕಡೆಗೇ ನೋಡುತ್ತಿರುತ್ತಾಳೆ, ಹೀಗೇ ಆದರೆ ಇದೇ ವರ್ಗದಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ ಎಂದರು. ಮನೆಯಲ್ಲಿ ಕನ್ನಡ ಕಲಿಸುತ್ತೀರಂತೆ, ಎರಡು ಲಿಪಿಯ ನಡುವೆ ಮಗು ಗೊಂದಲಕ್ಕೆ ಬಿದ್ದಿರಬಹುದು ಎಂದೂ ಸೇರಿಸಿದರು. ನಾನು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಅತ್ತೆಗೆ ಅಷ್ಟೇ ಸಾಕಾಗಿತ್ತು. "ನಾ ಮೊದಲೇ ಹೇಳಿದ್ದೆ. ಕೂಸಿನ ತಲಿ ಕೆಡಿಸಿ ಇಟ್ಟಿ" ಎಂದರು. ಗಂಡ ಸಿಟ್ಟು ಮಾಡುವವರಲ್ಲ. ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟುತ್ತ, "ದೀಪಾವಳಿ ತನಾ ನೋಡೂಣು. ಓದ್ಲಾಕ ಬರಲಿಲ್ಲಂದ್ರ ಕನ್ನಡ ಬಂದ್. ಇಲ್ಲೇ ಬಾಳೇ ಮಾಡಾಕಿ ಅದಾಳ, ಮರಾಠಿ ಬಂದ್ರ ಸಾಕು" ಎಂದರು. ದೀಪಾವಳಿಗೆ ಅಪ್ಪ ಮೊಮ್ಮಗಳ ಓದು ಕೇಳಲು ಬರುವುದಿತ್ತು. ಅಂದಿನಿಂದ ಮೂರು ಹೊತ್ತು ಅವಳನ್ನು ಕೂರಿಸಿ ಓದಿಸಿದೆ. ಬರುತ್ತಿದ್ದ ನಾಲ್ಕು ಶಬ್ದಕ್ಕೂ ತೊದಲತೊಡಗಿದಳು. ನನ್ನ ಮಗಳ ತಲೆಗೆ ನಿಜವಾಗಿ ಏನೋ ಆಗಿದೆ, ಅದನ್ನು ಮಾಡಿದವಳು ನಾನೇ ಎಂಬ ಭಯ ಹೊಕ್ಕಿತು.

ಹಬ್ಬಕ್ಕೆ ವಾರವಿರುವಾಗ ಹಿತ್ತಾಳೆ ಸಾಮಾನನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತೆ. ಪಡಸಾಲೆಯ ಗೋಡೆಯ ಹಲಗೆಯ ಮೇಲಿದ್ದ ತಂಬಿಗೆ, ಹಿಟ್ಟು ನಾದುವ ಅಗಲ ಪರಾತವನ್ನೂ ಇಳಿಸಿದೆ. ಭೂಕಂಪದ ನಂತರ ನಮ್ಮ ಕಡೆ ಮನೆಮನೆಯಲ್ಲೂ ಅದೊಂದು ಪದ್ಧತಿಯಾಗಿತ್ತು. ಪರಾತದಲ್ಲಿ ತಂಬಿಗೆಯನ್ನು ಬೋರಲು ಹಾಕಿ ಅದರ ಮೇಲೆ ಸ್ಟೀಲ್ ಗ್ಲಾಸು ಇಡುವುದು. ನೆಲ ಅಲುಗಿದರೆ ಗ್ಲಾಸು ಪರಾತದೊಳಗೆ ಬಿದ್ದು ಸದ್ದಾಗುತ್ತದೆ, ಎಲ್ಲರೂ ಹೊರಗೆ ಓಡಬೇಕು. ಹೈದರಾಬಾದ್ ರಸ್ತೆಯಲ್ಲಿ ಲೋಡು ಲಾರಿ ಹೋದರೂ ಅದು ಗಿಣಿಗಿಣಿ ಎನ್ನುತ್ತಿತ್ತು. ವರ್ಷ ಕಳೆದಿದ್ದರೂ ತೆಗೆದಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಮಗಳು ಶಾಲೆಯಿಂದ ಬಂದಳು. ಓಣಿಯಲ್ಲಿ ಟಪಾಲಿನವನು ಕೊಟ್ಟ ಅಜ್ಜನ ಕಾರ್ಡು ಅವಳ ಕೈಯಲ್ಲಿತ್ತು. ಪಡಸಾಲೆಗೆ ಕಾಲಿಟ್ಟವಳು ಖಾಲಿ ಹಲಗೆ ನೋಡಿ ಗಕ್ಕನೆ ನಿಂತಳು. ಮರುಕ್ಷಣ ಒಳಗೆ ಓಡಿ ಅತ್ತೆಯ ಕೈ ಹಿಡಿದು ಹೊರಗೆ ಎಳೆಯತೊಡಗಿದಳು. ಚಿವುಟಿದರೂ ಅಳದವಳು ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ತಂಬಿಗಿ ಎಲ್ಲಿ ಹೋಯ್ತು? ನಾ ಶಾಳೆಕ ಹೋದಾಗ ಯಾರು ನೋಡಿದ್ರಿ?"

"ತಿಕ್ಲಾಕ ತಗೊಂಡೀನವ್ವ. ನೀ ಯಾಕ ನೋಡಬೇಕದನ್ನ?" ಎಂದೆ.

"ನೀನೇ ಹೇಳಿದ್ದಿಲ್ಲಾ? ನಾ ರೊಟ್ಟಿ ಮಾಡ್ಲತ್ತೀನಿ, ನೀ ಗ್ಲಾಸಿನ ಮ್ಯಾಲಿಂದು ಕಣ್ಣ ತಗೀಬ್ಯಾಡ, ತಗದ್ರ ಎಲ್ಲಾರೂ ಸಾಯ್ತೀವಿ ಅಂತ. ಸಾಕು ಬಿಡು ಅಂತ ಆಮ್ಯಾಲ ಹೇಳೇ ಇಲ್ಲ ನೀ."

ಹೇಳಿದ್ದೆ. ಶೆಡ್ಡಿನಲ್ಲಿ ಮಲಗುತ್ತಿದ್ದ ದಿನಗಳಲ್ಲಿ ಒಲೆ ಮಾತ್ರ ಒಳಗಿತ್ತು. ಬಿರುಕಿನ ಗೋಡೆಗೆ ಬೆನ್ನು ಹಾಕಿ ರೊಟ್ಟಿ ಬಡಿಯುವಾಗ ಜೀವ ಕೈಯಲ್ಲಿ ಹಿಡಿದಿರುತ್ತಿದ್ದೆ. ಒಂದು ದಿನ ಹೆದರಿಕೆ ತಡೆಯದೆ ಅವಳನ್ನು ಬಾಗಿಲಲ್ಲಿ ಕೂರಿಸಿ ಆ ಮಾತು ಆಡಿದ್ದೆ. ರೊಟ್ಟಿ ಮುಗಿಸಿ ಎದ್ದವಳು ಅದನ್ನು ಮರೆತೇಬಿಟ್ಟೆ. ಅವಳು ಒಂದು ವರ್ಷ ಕಾವಲು ಕೂತಿದ್ದಳು. ಶಾಲೆಯ ಕಿಟಕಿಯಿಂದ ನಮ್ಮ ಮಾಳಿಗೆ ಬಿದ್ದಿಲ್ಲವೆಂದು ನೋಡಿಕೊಳ್ಳುತ್ತಿದ್ದಳು. ಅದಕ್ಕೆ ನಾನು ತೊಡೆ ಚಿವುಟಿದ್ದೆ. ನಾಚಿಕೆಯಿಂದ ನನಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

ಹುಣಸೆಯ ಕೈ ತೊಳೆದು ಅವಳ ಮುಂದೆ ಕೂತೆ. "ಸಾಕು ಬಿಡು ನನ್ನವ್ವ. ತಪ್ಪ ನಂದದ. ಇನ್ನ ನೀ ನೋಡೂದು ಬ್ಯಾಡ."

"ಮತ್ತ ಯಾರು ನೋಡೋರು?"

ಯಾರೂ ನೋಡಬೇಕಾಗಿಲ್ಲ, ಇನ್ನು ಏನೂ ಆಗುವುದಿಲ್ಲ ಎಂದು ಹೇಳಬೇಕಿತ್ತು. ಆದರೆ ನನಗೇ ನಂಬಿಕೆ ಇರಲಿಲ್ಲ. "ನಾ ನೋಡ್ತೀನಿ" ಎಂದೆ.

ಪರಾತ, ತಂಬಿಗೆ, ಗ್ಲಾಸನ್ನು ಮತ್ತೆ ಹಲಗೆಗೆ ಏರಿಸಿದೆ. ಅವಳು ಯಾವಾಗಲೂ ಕೂರುವ ಜಾಗದಲ್ಲಿ ನಾನು ಕೂತೆ, ನನ್ನ ಜಾಗದಲ್ಲಿ ಅವಳು. ಅವಳ ಬೆನ್ನು ಈಗ ಹಲಗೆಗೆ. "ಕಣ್ಣ ತಗೀಬಾರ್ದು ಮತ್ತ" ಎಂದು ನನ್ನ ಕೈ ಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡಳು. ಆಮೇಲೆ ಮುದುಡಿಹೋಗಿದ್ದ ಕಾರ್ಡನ್ನು ತೊಡೆಯ ಮೇಲೆ ಉಜ್ಜಿ ನೆಟ್ಟಗೆ ಮಾಡಿದಳು.

ತುಟಿ ಪಿಟಿಪಿಟಿ ಅನ್ನುವ ಸದ್ದು ಕೇಳಿಸಿತು. ಓದು ನಿಲ್ಲಿಸಿದಳು, ಮತ್ತೆ ಮೊದಲಿನಿಂದ ಹಿಡಿದಳು. ರಸ್ತೆಯಲ್ಲಿ ಲಾರಿಯೊಂದು ಹಾದುಹೋಯಿತು, ಗ್ಲಾಸು ಗಿಣಿಗಿಣಿ ಎಂದಿತು. ಅವಳು ತಿರುಗಲಿಲ್ಲ.

"ಅವ್ವಾ, ಅಜ್ಜ ಹಬ್ಬದಾಗ ಅಲ್ಲಂತ, ಸೋಮವಾರನೇ ಬರ್ತಾನಂತ. ನಂಗ ಸೇಂಗಾದ ಉಂಡಿ ತರ್ತಾನಂತ."

ಆ ಕಾರ್ಡನ್ನು ನಾನಿನ್ನೂ ಓದಿರಲಿಲ್ಲ. ಆ ಮನೆಯಲ್ಲಿ ಅಪ್ಪನ ಸುದ್ದಿಯನ್ನು ಮೊದಲ ಸಲ ಇನ್ನೊಬ್ಬರ ಬಾಯಿಂದ ಕೇಳುತ್ತಿದ್ದೆ. ಅದನ್ನು ಹೇಳುವಾಗ ಅವಳ ಮುಖ ಹೇಗಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಗ್ಲಾಸನ್ನೇ ನೋಡುತ್ತಿದ್ದೆ.