ಡಬ್ಬಿಯೊಳಗ ತಿರುಗಿಬಂದ ಪಾಂಡವರು

ದೋಸ್ತರೆ, ಇವತ್ತಿನ ಪಂಚಾಯ್ತಿ ಕೇಳ್ರಿ. ಈ ಬ್ಯಾಸಿಗ್ಯಾಗ ನಮ್ಮ ಮನಿಯವರಿಗಿ ಕಲ್ಲು ಪಾಲಿಶ್ ಮಾಡೋ ಹುಚ್ಚು ಹಿಡದದ. ಮೈಲೂರದ ನಮ್ಮ ಮನಿ ವರಾಂಡದಾಗ ಅದರ ಮಷೀನಿನ ಡಬ್ಬಿ ಹಗಲು-ರಾತ್ರಿ ಗರಗರ ತಿರಗತದ. ಎರಡು ವರ್ಷದ ಮಗಳು ಕಲ್ಲು ಆರಿಸ್ತಾಳ, ಇವರು ಒಳಗ ಹಾಕ್ತಾರ.

ಇವತ್ತ ನನ್ನ ತವರೂರು ಎಕಂಬಾದಿಂದ ನಮ್ಮವ್ವ ಬಂದಳು. ಮಗಳು ಓಡಿ ಹೋಗಿ ಮಿರಿಮಿರಿ ಮಿಂಚೋ ಐದು ಕಲ್ಲು ತೋರಿಸಿದಳು.

"ಎಲ್ಲಿವು ಇವು?" ಅಂದಳು ಅವ್ವ.

"ನಿಮ್ಮ ಹೊಲದವೇರಿ. ಹೋದ ತಿಂಗಳು ನಾವಿಬ್ಬರೇ ಹೋದಾಗ ಬನ್ನಿಗಿಡದ ಬುಡಕ ಕೂಸಿಗಿ ಸಿಕ್ಕಾವ. ಮ್ಯಾಲ ಸುಣ್ಣ ಹತ್ತಿತ್ತು, ಎಲ್ಲಾ ತೆಗದೀನಿ," ಅಂದ್ರು ಇವರು, ಖುಷಿಲಿಂದ.

ಅವ್ವನ ಮಾರಿ ಇಳೀತು. "ಅವು ಕಲ್ಲಲ್ಲರಿ ಅಳಿಯಂದ್ರ, ಪಾಂಡವರು."

ಎಳ್ಳ ಅಮಾಸಿಗಿ ಹೊಲದಾಗ ಜೋಳದ ದಂಟಿನ ಕೊಂಪಿ ಕಟ್ಟಿ, ನಮ್ಮಪ್ಪ ಇದೇ ಐದು ಕಲ್ಲು ಪಾಂಡವರಂತ ಪೂಜಾಕ್ಕ ನನ್ನ ಮುಂದ ಇಡ್ತಿದ್ದ. ನಾ ಬೆರಳಲೆ ಸುಣ್ಣ ಹಚ್ತಿದ್ದೆ. ಭಜ್ಜಿ, ರೊಟ್ಟಿ ಎಡಿ ಹಿಡದು ಅವನೇ ಕೈ ಮುಗೀತಿದ್ದ. ಅಪ್ಪ ಹೋದ ಮ್ಯಾಲೂ ಆ ಹಳೇ ಸುಣ್ಣ ಉಳದಿತ್ತು. ಈಗ ಅದೂ ಇಲ್ಲ.

ಅವ್ವ ಒಂದು ಕಲ್ಲು ಬೆಳಕಿಗಿ ಹಿಡದು ಭಾಳ ಹೊತ್ತು ನೋಡಿದಳು. ಅದರಾಗ ಜೇನಿನ ಬಣ್ಣದ ಗೆರಿ. "ಸುಣ್ಣದ ಕೆಳಗ ಇಷ್ಟು ಚಂದ ಇದ್ದಾರಂತ ನಿಮ್ಮಪ್ಪಗೂ ಗೊತ್ತಿದ್ದಿಲ್ಲ ನೋಡು," ಅಂದಳು.

ತಿರುಗಿ ಹೊಲಕ್ಕ ಒಯ್ಯಲಾಕ ನಾಲ್ಕು ಕಲ್ಲು ಸೆರಗಿನಾಗ ಕಟ್ಟಿಕೊಂಡಳು. ಐದನೇದಕ್ಕ ಮಗಳು ಮುಷ್ಟಿ ಬಿಚ್ಚಲಿಲ್ಲ.

"ಇರ್ಲಿ ಬಿಡು. ಸಹದೇವ ಎಲ್ಲಾರಕಿಂತ ಸಣ್ಣಾವ, ಕೂಸಿನ ಜೋಡಿ ಆಡ್ಲಿ," ಅಂದಳು ಅವ್ವ.

ಹಿಂಗಾಗಿ ಎಳ್ಳ ಅಮಾಸಿ ತನಕ ಸಹದೇವಂದು ಮೈಲೂರದಾಗೇ ವನವಾಸ.